ಕೂರಿಗಿ ಬಟ್ಟಲು

ಪರದೆ ಪೂರ್ತಿ ಕಪ್ಪು. ಮೇಲಿನ ಎಡಮೂಲೆಯಲ್ಲಿ 'ಗ್ರಬ್' ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ಪಕ್ಕದಲ್ಲೊಂದು ಬಾಣದ ಮೂತಿ, ಅದರ ಮುಂದೆ ಮಿಟುಕುವ ಗೆರೆ. ಏನು ಮಾಡಲಿ ಹೇಳು ಎಂದು ಅದು ಕಾಯುತ್ತಿದೆ. ಏನು ಹೇಳಬೇಕೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಮುಂಜಾನಿ ಆರಕ್ಕ ಹಚ್ಚೀನಿ. ಆವಾಗಿಂದ ಹಿಂಗ ಮಿಕಿಮಿಕಿ ನೋಡಕೋತ ನಿಂತೈತಿ," ಎನ್ನುತ್ತಾರೆ ಮಾಸ್ತರು.

ಧಾರವಾಡದ ಸಪ್ತಾಪುರದಲ್ಲಿ ಅವರ ಮನೆ. ದೀಪಾವಳಿ ಮುಗಿದು ಹತ್ತು ದಿನವಾದರೂ ಬಾಗಿಲ ಮೇಲಿನ ಆಕಾಶಬುಟ್ಟಿ ಇಳಿದಿಲ್ಲ. ಮುಂಜಾನೆ ಏಳಕ್ಕೆ ಫೋನು ಬಂದಾಗ ನಾನಿನ್ನೂ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹಲ್ಲುಜ್ಜುತ್ತಿದ್ದೆ. ಚಿಗರಿ ಬಸ್ಸು ಹಿಡಿದು ಉಣಕಲ್ಲ ಕೆರೆ, ನವನಗರ, ರಾಯಾಪುರ, ಸತ್ತೂರು ದಾಟಿ ಜುಬಿಲಿ ಸರ್ಕಲ್ಲಿಗೆ ಇಳಿಯುವವರೆಗೂ ಕಿವಿಯಲ್ಲಿ ಅವರದೊಂದೇ ಮಾತು: "ತಮ್ಮಾ, ವಿಂಡೋಸ್ ಕಾಣವಲ್ದು. ಮೂರು ವರ್ಷದ್ದು ಎಲ್ಲಾ ಅದರಾಗ ಐತಿ."

ಮೂರು ವರ್ಷದ್ದೆಂದರೆ ಅವರ ಪದಕೋಶ. ನವಲಗುಂದ ಕಡೆಯ ಎರೆಹೊಲದಲ್ಲಿ ಬೆಳೆದು ನಮಗೆಲ್ಲ ಕನ್ನಡ ಕಲಿಸಿದ ಮಾಸ್ತರು, ನಿವೃತ್ತಿಯ ನಂತರ ಒಕ್ಕಲುತನದ ಮಾತುಗಳನ್ನು ಕೂಡಿಹಾಕುತ್ತಿದ್ದಾರೆ. ರಂಟಿ, ಕುಂಟಿ, ಕೂರಿಗಿ, ಅವುಗಳ ಒಂದೊಂದು ಭಾಗಕ್ಕಿರುವ ಹೆಸರು. ಟ್ರ್ಯಾಕ್ಟರು ಬಂದಮೇಲೆ ಸಾಮಾನು ಅಟ್ಟ ಸೇರಿತು, ಸಾಮಾನಿನ ಹಿಂದೆಯೇ ಮಾತೂ ಹೋಗುತ್ತಿದೆ ಎಂಬುದು ಅವರ ಚಿಂತೆ. ಮಾಡಿದ್ದೆಲ್ಲ ಈ ಡಬ್ಬಿಯಲ್ಲಿದೆ.

ಅಡುಗೆಮನೆಯಿಂದ ಅವ್ವಾರು ತಾಟಿನಲ್ಲಿ ಚೂಡಾ, ಶಂಕರಪೋಳಿ ತಂದು ಕೀಬೋರ್ಡಿನ ಪಕ್ಕದಲ್ಲಿಡುತ್ತಾರೆ. "ಮೊದಲ ತಿನ್ನು. ಆಮ್ಯಾಲೆ ಅದರ ಜೋಡಿ ಗುದ್ದಾಡೀರಂತ."

ನಾನು ತಿನ್ನುತ್ತ ಕೇಳುತ್ತೇನೆ. ಯಂತ್ರ ರಿಪೇರಿಯಲ್ಲಿ ಕೈಗಿಂತ ಕಿವಿಗೆ ಕೆಲಸ ಹೆಚ್ಚು. ಏನೇನಾಯಿತು, ಯಾವುದು ಮೊದಲು, ಯಾವುದು ಆಮೇಲೆ?

ದೀಪಾವಳಿಗೆ ಪುಣೆಯಿಂದ ಬಂದ ಮೊಮ್ಮಗ ಕಂಪ್ಯೂಟರಿನ ಬೆನ್ನು ಬಿಚ್ಚಿ 4 ಜಿಬಿ ಇದ್ದ ರ‍್ಯಾಮನ್ನು 8 ಮಾಡಿದ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆಯ ಪ್ರೊಸೆಸರಾದರೂ ಬೇಕು, ಇದರಲ್ಲಿರುವುದು ಆರನೆಯದು. ಹುಡುಗ ಜಾಣ. ಇಂಟರ್ನೆಟ್ಟು, ಬ್ಯಾಂಕು, ಪತ್ರಿಕೆ ಎಲ್ಲ ಉಬುಂಟು ಲಿನಕ್ಸಿನಲ್ಲಿ ಮಾಡು, ಪದಕೋಶ ಮಾತ್ರ ವಿಂಡೋಸಿನಲ್ಲಿ ಬರಿ ಎಂದು ಅಜ್ಜನಿಗೆ ಹೇಳಿ ವಿಂಡೋಸಿನಿಂದ ವೈಫೈ ತೆಗೆದ. ಮೊದಲೇ ಇದ್ದ ಉಬುಂಟು 20.04ನ್ನು 22.04ಕ್ಕೆ ಏರಿಸಿ ರಾತ್ರಿ ಬಸ್ಸು ಹತ್ತಿದ.

"ಅಂವ ಹೋದ ಮರುದಿನ ಹಚ್ಚಿದ್ರ ನಟ್ಟನಡು ಉಬುಂಟು ಬಂದ್ ಕುಂತಿತು. ಮೊದಲ ಯಾವ್ದು ಬೇಕಂತ ಕೇಳ್ತಿತ್ತು, ಈಗ ಕೇಳೂದ ಇಲ್ಲ. ಅಂವಗ ಫೋನ್ ಮಾಡಿದ್ನಿ. ಹಚ್ಚಿದ ಕೂಡಲೆ ಎಸ್ಕೇಪ್ ಒತ್ತು ಅಂದ. ಒತ್ತಿದ್ನಿ."

"ಎಷ್ಟ್ ಸಲ ಒತ್ತಿದ್ರಿ ಸರ?"

"ಬರೂತನಕಾ ಒತ್ತಿದ್ನಿ!"

ಕಪ್ಪು ಪರದೆಯ ಗುಟ್ಟು ಅಲ್ಲೇ ಇದೆ. ಎಸ್ಕೇಪ್ ಒಮ್ಮೆ ಒತ್ತಿದರೆ ಯಾವುದು ಬೇಕೆಂದು ಕೇಳುವ ಗ್ರಬ್ಬಿನ ಪಟ್ಟಿ ಬರುತ್ತದೆ. ಮತ್ತೆ ಒತ್ತಿದರೆ ಪಟ್ಟಿಯಿಂದಲೂ ಆಚೆ, ಗ್ರಬ್ಬಿನ ಆಜ್ಞೆ ಬರೆಯುವ ಪಾಟಿಗೆ ಹೋಗಿ ಬೀಳುತ್ತೀರಿ. ಏನೂ ಕೆಟ್ಟಿಲ್ಲ, ಒಂದು ಬಾಗಿಲು ದಾಟಿ ಮುಂದೆ ಹೋಗಿದ್ದಾರೆ ಅಷ್ಟೆ. ಆದರೆ ಮಾಸ್ತರರ ಭಯಕ್ಕೆ ಇನ್ನೊಂದು ಕಾರಣವೂ ಇದೆ.

"ನಿನ್ನಿ ಉಬುಂಟುದಾಗ ಹುಡುಕ್ಯಾಡಿ ನನ್ನ ಫೈಲ್ ತಗದ್ನಿ. ಒಂದ ಕನ್ನಡಕ್ಷರ ಇಲ್ಲ. ಇಂಗ್ಲಿಷ್ ಅಕ್ಷರಕ್ಕ ತಲಿ ಮ್ಯಾಲ ಚಿಕ್ಕಿ, ಕೆಳಗ ಬಾಲ. ಎಲ್ಲಾ ಕಲಸಿ ಹೋಗೇತಿ. ಹುಬ್ಬಳ್ಳ್ಯಾಗಿನ ಅಂಗಡಿಯಾಂವಗ ಕೇಳಿದ್ರ, ಫಾರ್ಮ್ಯಾಟ್ ಹೊಡೀಬೇಕಾಗ್ತೈತಿ ನೋಡ್ರಿ ಅಂದ."

ಫಾರ್ಮ್ಯಾಟ್! ದಾರಿ ತಪ್ಪಿದೆ ಎಂದರೆ ಊರನ್ನೇ ಸುಡೋಣ ಎಂದಂತೆ. ಆದರೆ ಕಪ್ಪು ಪರದೆಯ ಮುಂದೆ ಕುಳಿತ ಮನುಷ್ಯನಿಗೆ ದಾರಿ ಯಾವುದು, ಊರು ಯಾವುದು ಎಂದು ಬೇರೆ ಮಾಡಿ ತೋರಿಸುವವರು ಬೇಕು. ನಾನು ಬಂದದ್ದು ಅಷ್ಟಕ್ಕೇ.

"ಸರ, ಒಂದ ಮಾತು. ನೋಡೋದು ಮುಗಿಯೋತನಕಾ ಏನೂ ಅಳಿಸೂದಿಲ್ಲ, ಬರಿಯೂದಿಲ್ಲ. ಹೌದಲ್ರಿ?"

ಅವರು ತಲೆಯಾಡಿಸುತ್ತಾರೆ. ಪವರ್ ಗುಂಡಿ ಒತ್ತಿ ಹಿಡಿದು ಯಂತ್ರವನ್ನು ಮಲಗಿಸುತ್ತೇನೆ. ಹತ್ತು ಎಣಿಸಿ ಮತ್ತೆ ಎಬ್ಬಿಸುತ್ತೇನೆ. ಫ್ಯಾನು ಗುರ್ ಎನ್ನುತ್ತದೆ. ಕೊಂಚವೂ ತಡಮಾಡದೆ ಎಫ್12 ಕೀಲಿಯನ್ನು ಟಪಟಪ ಬಡಿಯುತ್ತೇನೆ. ತಪ್ಪಿತು, ಉಬುಂಟುವಿನ ಗುರುತು ಮೂಡಿಬಿಟ್ಟಿತು. ಮತ್ತೊಮ್ಮೆ. ಮಾಸ್ತರು ಕುರ್ಚಿಯ ತುದಿಗೆ ಬಂದಿದ್ದಾರೆ. ಈ ಸಲ ಪರದೆಯ ನಡುವೆ ಒಂದು ಸಣ್ಣ ಚೌಕ ತೆರೆದುಕೊಳ್ಳುತ್ತದೆ. ಎರಡೇ ಸಾಲು. ಮೊದಲನೆಯದು ಉಬುಂಟು. ಎರಡನೆಯದು ವಿಂಡೋಸ್ ಬೂಟ್ ಮ್ಯಾನೇಜರ್.

"ಅಲ್ಲೇ ಐತಲ್ಲೋ!"

"ಎಲ್ಲೂ ಹೋಗಿಲ್ರಿ ಸರ. ಈ ಪಟ್ಟಿ ಮದರ್‌ಬೋರ್ಡಿಂದು, ಉಬುಂಟುಗೂ ಇದಕ್ಕೂ ಸಂಬಂಧ ಇಲ್ಲ. ಬೋರ್ಡಿಗೆ ಇಬ್ಬರೂ ಗೊತ್ತು. ಗ್ರಬ್ಬಿಗೆ ಒಬ್ಬರು ಮರೆತು ಹೋಗ್ಯಾರ."

ಕೆಳಗಿನ ಬಾಣ, ಎಂಟರ್. ನೀಲಿ ಕಿಟಕಿ ಮೂಡುತ್ತದೆ. ಬಿಳಿ ಚುಕ್ಕೆಗಳು ಸುತ್ತತೊಡಗುತ್ತವೆ, ಹಳೆಯ ಹಾರ್ಡ್‌ಡಿಸ್ಕು ಕರಕರ ಎನ್ನುತ್ತದೆ. ಯಾರೂ ಮಾತಾಡುವುದಿಲ್ಲ. ಒಗ್ಗರಣೆಗೆ ಹಾಕಿದ ಸಾಸಿವೆ ಅಡುಗೆಮನೆಯಲ್ಲಿ ಸಿಡಿಯುವುದು ಕೇಳುತ್ತದೆ. ಕಡೆಗೆ ಮೊಮ್ಮಗನ ಮುಂಜಿವೆಯ ಫೋಟೊ ಇರುವ ಡೆಸ್ಕ್‌ಟಾಪು ಮೂಡಿದಾಗ ಮಾಸ್ತರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಳ್ಳುತ್ತಾರೆ. ಒರೆಸಿದ್ದು ಕನ್ನಡಕವನ್ನಷ್ಟೇ ಅಲ್ಲ.

ಫೈಲು ತೆರೆಯುತ್ತೇವೆ. ದುಂಡನೆಯ ಕನ್ನಡ, ಸಾಲು ಸಾಲು. ಇದು ಕನ್ನಡ ಗಣಕ ಪರಿಷತ್ತಿನ 'ನುಡಿ', ಅದರಲ್ಲೂ ಯುನಿಕೋಡ್ ಅಲ್ಲದ ಹಳೆಯ ಬಗೆ. ಅಲ್ಲಿ ಕನ್ನಡದ ಒಂದೊಂದು ತುಣುಕೂ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿರುತ್ತದೆ, ನುಡಿಯ ಫಾಂಟು ಮೇಲೆ ಬಿದ್ದಾಗ ಕನ್ನಡವಾಗಿ ಕಾಣುತ್ತದೆ. ಉಬುಂಟುವಿನಲ್ಲಿ ಆ ಫಾಂಟಿಲ್ಲ, ಹಾಗಾಗಿ ಒಳಗಿನ ವೇಷವೇ ಹೊರಬಿತ್ತು. ಎಲ್ಲವನ್ನೂ ಯುನಿಕೋಡಿಗೆ ತಿರುಗಿಸಬೇಕು, ಅದು ಇನ್ನೊಂದು ದಿನದ ಕೆಲಸ. ಈಗ ಪೆನ್‌ಡ್ರೈವ್ ಚುಚ್ಚಿ ಪದಕೋಶದ ಕಡತವನ್ನು ಪೂರ್ತಿ ನಕಲು ಮಾಡುತ್ತೇನೆ. ಇನ್ನು ಯಾವುದನ್ನು ಮುಟ್ಟಿದರೂ ಧೈರ್ಯ.

"ತಮ್ಮಾ, ಗಡಿಯಾರ ನೋಡು."

ಗೋಡೆಯಲ್ಲಿ ಹನ್ನೊಂದು ಹತ್ತು. ಪರದೆಯಲ್ಲಿ ಐದು ನಲವತ್ತು.

ನನಗೆ ನಗು ಬರುತ್ತದೆ. ಬೋರ್ಡಿನ ಮೇಲೆ ಗಡಿಯಾರ ಒಂದೇ. ಉಬುಂಟು ಅದರಲ್ಲಿ ಗ್ರೀನ್‌ವಿಚ್ ಕಾಲ ಇಟ್ಟು ತೋರಿಸುವಾಗ ಐದೂವರೆ ತಾಸು ಕೂಡಿಸಿಕೊಳ್ಳುತ್ತದೆ. ವಿಂಡೋಸು ಅಲ್ಲಿರುವುದೇ ಊರಿನ ಕಾಲ ಎಂದು ನಂಬುತ್ತದೆ. ಇಂಟರ್ನೆಟ್ಟಿದ್ದರೆ ಕೇಳಿ ತಿದ್ದಿಕೊಳ್ಳುತ್ತಿತ್ತು, ಅದನ್ನು ಮೊಮ್ಮಗ ತೆಗೆದಿದ್ದಾನೆ.

"ಅಂದ್ರ ಒಂದ ಮನ್ಯಾಗ ಇಬ್ಬರು ಎರಡು ಪಂಚಾಂಗ ಇಟ್ಕೊಂಡಾರ," ಎನ್ನುತ್ತಾರೆ ಮಾಸ್ತರು. ಅವರ ಹಳೆಯ ದನಿ ಮರಳಿದೆ.

ಈಗ ನಿಜವಾದ ಕೆಲಸ. ವಿಂಡೋಸ್ ಮುಚ್ಚಿ ಉಬುಂಟುವಿಗೆ ಬಂದು ಟರ್ಮಿನಲ್ ತೆರೆದು ಕುರ್ಚಿ ಬಿಟ್ಟೇಳುತ್ತೇನೆ. "ನೀವ ಕುಂಡ್ರಿ ಸರ. ನಾ ಹೇಳ್ತೀನಿ, ನೀವು ಹೊಡೀರಿ."

ಮಾಸ್ತರು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ. ಕನ್ನಡದಲ್ಲಿ ಓಡುವ ಬೆರಳು ಇಂಗ್ಲಿಷಿನಲ್ಲಿ ಕುಂಟುತ್ತದೆ. ಗ್ರಬ್ಬಿನ ಕಟ್ಟಳೆಗಳಿರುವ ಕಡತ ತೆರೆಯಲು ಯಂತ್ರ ಪಾಸ್‌ವರ್ಡ್ ಕೇಳುತ್ತದೆ. ಒತ್ತುತ್ತಾರೆ, ನಿಲ್ಲುತ್ತಾರೆ, ಮತ್ತೆ ಒತ್ತುತ್ತಾರೆ. "ಅಕ್ಷರ ಬೀಳವಲ್ದು."

"ಬೀಳಾಕತ್ತೈತ್ರಿ. ಹಿಂದ ನಿಂತಾವ್ರು ಎಣಿಸಬಾರದಂತ ಚಿಕ್ಕೀನೂ ತೋರ್ಸೂದಿಲ್ಲ."

ಕಡತ ತೆರೆಯುತ್ತದೆ. ಇಪ್ಪತ್ತು ಮೂವತ್ತು ಸಾಲು, ನಮಗೆ ಬೇಕಾದದ್ದು ಮೂರು. ಒಂದರಲ್ಲಿ ಪಟ್ಟಿಯನ್ನು ಮರೆಯಲ್ಲಿಡು ಎಂದಿದೆ, ಅದನ್ನು ತೋರಿಸು ಎಂದು ತಿದ್ದಿಸುತ್ತೇನೆ. ಇನ್ನೊಂದರಲ್ಲಿ ಕಾಯುವ ಹೊತ್ತು ಸೊನ್ನೆ ಸೆಕೆಂಡು. "ಮೂವತ್ತು ಮಾಡೂಣೇನ್ರಿ?" "ನಲವತ್ತು ಮಾಡು, ಕನ್ನಡಕ ಹುಡುಕಬೇಕಲ್ಲ." ಮೂರನೆಯ ಸಾಲು ಇಲ್ಲವೇ ಇಲ್ಲ, ಅದನ್ನು ಹೊಸದಾಗಿ ಬರೆಯಬೇಕು. ಬೇರೆ ಕಾರ್ಯಾಚರಣ ವ್ಯವಸ್ಥೆಗಳನ್ನು ಹುಡುಕುವ 'ಓಎಸ್-ಪ್ರೋಬರ್' ಎಂಬ ಸಹಾಯಕನನ್ನು ತಡೆಯಬೇಡ ಎಂಬ ಸಾಲು.

"ಅವನ್ನ ಯಾರು ತಡದ್ರು?"

ತಡೆದವರು ಗ್ರಬ್ ಬರೆಯುವವರೇ. ಈ ಹುಡುಕುವವನು ಡಿಸ್ಕಿನ ಪ್ರತಿ ಕೋಣೆಯ ಬಾಗಿಲು ತೆಗೆದು ಇಣುಕುತ್ತಾನೆ. ಯಾರೋ ಕೆಟ್ಟವರು ಒಂದು ಕೋಣೆಯಲ್ಲಿ ಏನಾದರೂ ಇಟ್ಟಿದ್ದರೆ ಅಪಾಯ. ಅದಕ್ಕೇ 2021ರಲ್ಲಿ ಬಂದ ಗ್ರಬ್ 2.06ರಿಂದ ಅವನನ್ನು ತಾನಾಗಿ ಓಡಿಸುವುದನ್ನು ನಿಲ್ಲಿಸಿದರು. ಉಬುಂಟು 20.04ರಲ್ಲಿ ಇದ್ದದ್ದು 2.04, 22.04ರಲ್ಲಿ ಇರುವುದು 2.06. ಹುಡುಗ ಏರಿಸಿದ ಕೂಡಲೇ ಹುಡುಕುವವನು ಕುಳಿತುಬಿಟ್ಟ. ವಿಂಡೋಸ್ ಪಟ್ಟಿಯಿಂದ ಬಿತ್ತು. ಉಳಿದದ್ದು ಒಂದೇ ಹೆಸರು, ಒಂದೇ ಇದ್ದಮೇಲೆ ಕೇಳುವುದೇನು ಎಂದು ಪಟ್ಟಿಯೂ ಮರೆಗೆ ಸರಿಯಿತು. ಪುಣೆಯ ಹುಡುಗನ ತಪ್ಪೂ ಅಲ್ಲ, ಅಜ್ಜನ ಬೆರಳಿನ ತಪ್ಪೂ ಅಲ್ಲ.

ಮಾಸ್ತರು ಸುಮ್ಮನಾಗುತ್ತಾರೆ. ತರಗತಿಯಲ್ಲಿ ಕಠಿಣ ಪದ ಬಂದಾಗ ಹೀಗೇ ಕಿಟಕಿಯ ಆಚೆ ನೋಡುತ್ತಿದ್ದರು.

"ಈ ಬೂಟ್ ಅಂದ್ರ ಏನೋ? ಕಾಲಾಗಿನ ಬೂಟಂತೂ ಅಲ್ಲ?"

"ಅದ ಬೂಟ್ರಿ ಸರ. ಬೂಟಿಗೆ ಹಿಂದ ಎಳಕೊಳ್ಳಾಕ ಪಟ್ಟಿ ಇರ್ತೈತಲ್ಲ, ಅದನ್ನ ಹಿಡದು ತನ್ನನ್ನ ತಾನ ಮ್ಯಾಲ ಎತ್ತಿಕೊಳ್ಳೂದು ಅಂತ ಇಂಗ್ಲಿಷಿನ್ಯಾಗ ಒಂದು ಚ್ಯಾಷ್ಟಿ ಮಾತು. ಕಂಪ್ಯೂಟರ್ ಹಂಗ ಏಳ್ತೈತಿ. ಬೋರ್ಡಿನ ಚಿಪ್ಪಿನ್ಯಾಗಿನ ಸಣ್ಣ ಪ್ರೋಗ್ರಾಮು ಡಿಸ್ಕಿನ ಮೂಲ್ಯಾಗಿನ ಗ್ರಬ್ಬನ್ನ ಎಬ್ಬಿಸ್ತೈತಿ, ಗ್ರಬ್ಬು ದೊಡ್ಡದನ್ನ ಎಬ್ಬಿಸ್ತೈತಿ."

1995ರಲ್ಲಿ ಎರಿಕ್ ಬೋಲಿನ್ ಎಂಬಾತ ಗ್ರಬ್ ಬರೆಯಲು ತೊಡಗಿದಾಗ, ಬೇರೆ ಬೇರೆ ವ್ಯವಸ್ಥೆಗಳಿಗೆ ಬೇರೆ ಬೇರೆ ಎಬ್ಬಿಸುವವರು ಯಾಕೆ, ಎಲ್ಲಕ್ಕೂ ಒಂದೇ ಇರಲಿ ಎಂಬುದು ಲೆಕ್ಕ. ಹೆಸರಿನಲ್ಲೇ ಆ 'ಏಕೀಕೃತ' ಇದೆ. ಅದನ್ನು ಹೇಳಿ ಮುಗಿಸುವ ಮೊದಲೇ ಮಾಸ್ತರು ಮೇಜು ಕುಟ್ಟುತ್ತಾರೆ.

"ಕೂರಿಗಿ ಬಟ್ಟಲ!"

"ಏನ್ರಿ?"

"ಬಿತ್ತುವಾಗ ಕೂರಿಗಿ ಮ್ಯಾಲ ಒಂದು ಕಟಗಿ ಬಟ್ಟಲ ಇರ್ತೈತಿ. ಅದರ ತಳದಾಗ ತೂತು. ಮ್ಯಾಲಿಂದ ಕಾಳು ಬಿಟ್ರ ಒಂದೊಂದು ತೂತಿನಿಂದ ಒಂದೊಂದು ಕೊಳವಿ, ಒಂದೊಂದು ಸಾಲು. ತೂತಿನ್ಯಾಗ ಮಣ್ಣು ಸಿಕ್ಕೊಂಡ್ರ ಆ ಸಾಲು ಖಾಲಿ. ಆದ್ರ ಹೊಲ ಎಲ್ಲೂ ಹೋಗಿರೂದಿಲ್ಲ, ಕಾಳೂ ಕೆಟ್ಟಿರೂದಿಲ್ಲ. ಬಟ್ಟಲ ತೂತು ಕಟ್ಟಿರ್ತೈತಿ ಅಷ್ಟ. ಇದೂ ಹಂಗ ಅಲ್ಲೇನು?"

ನಾನು ಅರ್ಧ ತಾಸು ಹೇಳಿದ್ದನ್ನು ಅವರು ಒಂದು ಬಟ್ಟಲಲ್ಲಿ ಹಿಡಿದಿದ್ದಾರೆ. "ಹಂಗ ಐತ್ರಿ ಸರ. ಈಗ ಆ ತೂತು ಬಿಡಸೂಣು."

ಕಡತ ಉಳಿಸಿ, ಪಟ್ಟಿಯನ್ನು ಹೊಸದಾಗಿ ಬರೆಸುವ ಆಜ್ಞೆ ಹೊಡೆಸುತ್ತೇನೆ. ಅಪ್‌ಡೇಟ್, ಅಡ್ಡಗೆರೆ, ಗ್ರಬ್. ಸಾಲುಗಳು ಒಂದೊಂದಾಗಿ ಇಳಿಯುತ್ತವೆ. ಲಿನಕ್ಸ್ ಸಿಕ್ಕಿತು. ಅದರ ಹಳೆಯ ಪ್ರತಿ ಸಿಕ್ಕಿತು. ಆಮೇಲೆ ಒಂದು ತಡ, ಡಿಸ್ಕಿನ ಕರಕರ. ಮತ್ತೊಂದು ಸಾಲು: ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು. ಮಾಸ್ತರು ಆ ಸಾಲಿನ ಮೇಲೆ ಬೆರಳಿಟ್ಟು ಪಾಠ ಓದಿಸುವವರಂತೆ ಗಟ್ಟಿಯಾಗಿ ಓದುತ್ತಾರೆ. ಜತೆಗೇ ಇನ್ನೊಂದು ಆಜ್ಞೆ, ಉಬುಂಟುವೂ ಬೋರ್ಡಿನ ಗಡಿಯಾರವನ್ನು ಊರಿನ ಕಾಲಕ್ಕೇ ಇಡಲಿ ಎಂದು. ಮನೆಗೆ ಒಂದೇ ಪಂಚಾಂಗ ಸಾಕು.

ರೀಸ್ಟಾರ್ಟ್. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಫ್ಯಾನಿನ ಗುರ್, ತಯಾರಕರ ಗುರುತು, ಕಪ್ಪು, ಆಮೇಲೆ ನೇರಳೆ ಛಾಯೆಯ ಪರದೆ. ನಾಲ್ಕು ಸಾಲು. ಮೊದಲು ಉಬುಂಟು, ಕೆಳಗೆ ಉಬುಂಟುವಿನದೇ ಹೆಚ್ಚಿನ ಆಯ್ಕೆ, ಮೂರನೆಯದು ವಿಂಡೋಸ್, ಕಡೆಗೆ ಬೋರ್ಡಿನ ಸೆಟ್ಟಿಂಗು. ಕೆಳಗೆ ನಲವತ್ತರಿಂದ ಇಳಿಯುವ ಎಣಿಕೆ.

"ಇದು ಕನ್ನಡದಾಗ ಬರೂದಿಲ್ಲೇನು?"

"ಈ ಹೊತ್ತಿನ್ಯಾಗ ಇಲ್ರಿ. ಒತ್ತಕ್ಷರ ಕೂಡಿಸಿ ಬರಿಯೋ ಪ್ರೋಗ್ರಾಮು ಇನ್ನೂ ಎದ್ದಿರೂದಿಲ್ಲ."

"ಇರಲಿ." ಮಾಸ್ತರು ಕ್ಯಾಲೆಂಡರಿನ ಹಿಂಬದಿಯಿಂದ ಒಂದು ಪಟ್ಟಿ ಹರಿದು, ಮುತ್ತಿನಂಥ ಅಕ್ಷರದಲ್ಲಿ ಬರೆದು ಮಾನಿಟರಿನ ಅಂಚಿಗೆ ಗೋಂದು ಹಚ್ಚಿ ಅಂಟಿಸುತ್ತಾರೆ. ಒಂದನೇ ಸಾಲು, ಪ್ಯಾಟಿ ಕೆಲಸ. ಮೂರನೇ ಸಾಲು, ಮನಿ ಕೆಲಸ. ಅದರ ಕೆಳಗೆ ಸಣ್ಣದಾಗಿ: ಎಸ್ಕೇಪ್ ಒತ್ತಬಾರದು.

ಬರೆಯುವಷ್ಟರಲ್ಲಿ ನಲವತ್ತು ಸೆಕೆಂಡು ಮುಗಿದು ಉಬುಂಟು ಬಂದಿರುತ್ತದೆ. ನಾನು ಕೈ ಬಿಚ್ಚುವುದಿಲ್ಲ. ಅವರೇ ಅದನ್ನು ಮುಚ್ಚಿ, ಗೋಡೆಯ ಬಟನ್ನೂ ಬಂದ್ ಮಾಡಿ, ಮತ್ತೆ ಹಚ್ಚುತ್ತಾರೆ. ಪಟ್ಟಿ ಬರುತ್ತದೆ. ಕೆಳಗಿನ ಬಾಣ ಒಂದು, ಎರಡು. ಎಂಟರ್ ಒತ್ತುವ ಮುಂಚೆ ನನ್ನ ಕಡೆ ತಿರುಗಿ ನೋಡುವುದೂ ಇಲ್ಲ.

ಅವ್ವಾರು ಚಹಾ ತರುತ್ತಾರೆ. "ಆತೇನಪಾ?"

"ಆತ್ರಿ ಅವ್ವಾರ."

ಮಾಸ್ತರು ಈ ಮಾತು ಕೇಳಿಸಿಕೊಂಡಿಲ್ಲ. ದೀಪಾವಳಿಗೆ ಮೊದಲು ಬಿಟ್ಟಿದ್ದ 'ಕ' ಅಕ್ಷರದ ಪುಟ ತೆರೆದು ಕೂತಿದ್ದಾರೆ. 'ಕೂರಿಗಿ ಬಟ್ಟಲ' ಎಂಬ ನಮೂದಿನ ಮುಂದೆ ಅರ್ಥ ಬರೆದಾಗಿದೆ. ಅವರ ಬೆರಳು ಅದರ ಕೆಳಗೆ ಎರಡನೆಯ ಅರ್ಥಕ್ಕೆ ಜಾಗ ಮಾಡುತ್ತಿದೆ. ಪಕ್ಕದಲ್ಲಿಟ್ಟ ಚಹಾದ ಮೇಲೆ ಕೆನೆ ಕಟ್ಟುತ್ತಿದೆ. ನಾನು ಪೆನ್‌ಡ್ರೈವನ್ನು ಅವರ ಕಣ್ಣಿಗೆ ಬೀಳುವಂತೆ ಕೀಬೋರ್ಡಿನ ಪಕ್ಕ ಇಟ್ಟು, ಸದ್ದಾಗದಂತೆ ಚಪ್ಪಲಿ ಮೆಟ್ಟುತ್ತೇನೆ.