ಬಳೆಗೈಯ ಇಸ್ಪೀಟು

ನಮ್ಮ ತವರಿನಲ್ಲಿ ಇಸ್ಪೀಟಿನ ಕಟ್ಟು ಹೊರಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಶಿವರಾತ್ರಿಯ ಜಾಗರಣೆಗೆ. ಉಳಿದ ದಿನಗಳಲ್ಲಿ ಅದು ಅಪ್ಪಯ್ಯನ ಟ್ರಂಕಿನೊಳಗೆ, ಜಮೀನಿನ ಕಾಗದಗಳ ಅಡಿಯಲ್ಲಿ. ಗಂಡಸರೆಲ್ಲ ಜಗಲಿಯಲ್ಲಿ ಇಪ್ಪತ್ತೆಂಟು ಆಡುತ್ತಿದ್ದರೆ ಅಪ್ಪಯ್ಯ ಮಾತ್ರ ಒಳಗೆ ಜಮಖಾನ ಹಾಸಿ ಮಕ್ಕಳಿಗೆ ಜಾದೂ ತೋರಿಸುತ್ತಿದ್ದರು.

ಕಟ್ಟಿನ ಮೇಲಿನ ಎಲೆ ತೆಗೆದು ತೋರಿಸುವರು: ಆಟೀನು ರಾಣಿ. ಕವುಚಿ ಕಟ್ಟಿನ ನಡುವೆ ತುರುಕುವರು. ಬೆರಳಿನಿಂದ ಒಮ್ಮೆ ತಟ್ಟಿದರೆ ರಾಣಿ ಮತ್ತೆ ಮೇಲೆ! ಗುಟ್ಟು ಇಷ್ಟೆ: ಮೊದಲು ಎತ್ತಿದ್ದು ಒಂದೆಲೆಯಲ್ಲ, ಒಂದರ ಹಾಗೆ ಹಿಡಿದ ಎರಡೆಲೆ. ನಡುವೆ ಹೋದದ್ದು ಇನ್ಯಾವುದೋ ಬಡಪಾಯಿ. ಯಾವ ಆಟವನ್ನೂ ಮೂರು ಸಲ ನೋಡಿದರೆ ಗುಟ್ಟು ಹೇಳಬಲ್ಲೆ ಎನ್ನುತ್ತಿದ್ದ ಹೂಡಿನಿಯನ್ನು ೧೯೨೨ರಲ್ಲಿ ಶಿಕಾಗೋದಲ್ಲಿ ಡೈ ವರ್ನನ್ ಎಂಬ ತರುಣ ಬೇಸ್ತು ಬೀಳಿಸಿದ್ದು ಹೀಗೆ ಎಲೆ ಮೇಲೇರುವ ಆಟದಿಂದಲೇ.

ಮದುವೆಯಾಗಿ ಪೇಟೆಗೆ ಬಂದಮೇಲೆ ನನಗೂ ಆ ಹುಚ್ಚು ಹತ್ತಿತು. ೧೯೦೨ರಲ್ಲಿ ಅರ್ಡ್‌ನೇಸ್ ಎಂಬ ಹೆಸರಿನಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಬರೆದವನು ನಿಜವಾಗಿ ಯಾರೆಂಬ ಜಗಳ ಇನ್ನೂ ಮುಗಿದಿಲ್ಲ. ಕಟ್ಟಿನ ಮೇಲರ್ಧ ಕೆಳಗರ್ಧವನ್ನು ಯಾರಿಗೂ ಕಾಣದಂತೆ ಅದಲುಬದಲು ಮಾಡುವ ವಿದ್ಯೆಯೂ ಅದರಲ್ಲಿದೆ. ಮಧ್ಯಾಹ್ನ ಪಾತ್ರೆ ತೊಳೆದು, ಕನ್ನಡಿಯ ಮುಂದೆ ಕೂತು ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆ. ಕನ್ನಡಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಆದರೆ ಕನ್ನಡಿ ಎದುರಿಗೆ ಮಾತ್ರ ಕೂರುತ್ತದೆ. ನಮ್ಮ ಮನೆಯ ಪ್ರೇಕ್ಷಕರು ಸುತ್ತಲೂ ಕೂರುತ್ತಾರೆ, ಒಬ್ಬ ನನ್ನ ಭುಜದ ಮೇಲೇ ಗಲ್ಲವಿಟ್ಟಿರುತ್ತಾನೆ. ಎಲೆ ಜಾರಿಸಲು ಮೇಜಿನ ಅಂಚಿಲ್ಲ, ಬಚ್ಚಿಡಲು ಕೋಟಿನ ಜೇಬಿಲ್ಲ. ಎರಡೂವರೆ ಅಂಗುಲ ಅಗಲದ ಎಲೆಯನ್ನು ಅಂಗೈಯಲ್ಲಿ ಅಡಗಿಸಿದರೆ ಒಂದು ಮೂಲೆ ಹೊರಗೆ ಇಣುಕುತ್ತದೆ. ಬ್ರಿಜ್ ಆಟದ ಎಲೆ ಕಾಲಂಗುಲ ಸಣ್ಣದೆಂದು ತಿಳಿದು ಅದನ್ನೇ ತರಿಸಿದೆ. ಆಗ ಬಳೆ ಗುಟ್ಟು ಬಿಟ್ಟುಕೊಟ್ಟಿತು. ಕಟ್ಟು ತಿರುಗಿಸುವ ಹೊತ್ತಿಗೇ ಝಣಕ್ ಎನ್ನುವುದು. ಬಳೆ ತೆಗೆದಿಟ್ಟರೆ ಅತ್ತೆಯ ಕಣ್ಣು ಕೆಂಪು. "ಕೈಯಲ್ಲಿ ಚೇಳು ಹಿಡಿದವಳ ಹಾಗೆ ಯಾಕೆ ಕೂತಿದ್ದೀಯೆ?" ಎಂದರು ನಮ್ಮವರು. ಗಂಡನಿಗೂ ಗೊತ್ತಾಗುವಂಥ ಕೈಚಳಕ ಇನ್ಯಾರಿಗೆ ತಾನೆ ಗೊತ್ತಾಗದು! ಊರಿಗೆ ಹೋದಾಗ ಅಪ್ಪಯ್ಯನಿಗೆ ತೋರಿಸಿದೆ. ಅವರು ನಕ್ಕು, "ಕೂಸೇ, ಕೈ ಕೆಲಸ ಮಾಡುವಾಗ ಅದನ್ನೇ ಯಾಕೆ ನೋಡ್ತೀಯ? ನೀನು ನೋಡಿದ್ದನ್ನೇ ಅವರೂ ನೋಡ್ತಾರೆ" ಎಂದರು. ಅಷ್ಟು ತಿಂಗಳಲ್ಲಿ ಕನ್ನಡಿ ಇದನ್ನು ಹೇಳಿರಲಿಲ್ಲ. ಹೇಗೆ ಹೇಳೀತು? ನಾನು ನೋಡುತ್ತಿದ್ದುದೇ ಅದರೊಳಗಿನ ನನ್ನ ಕೈಯನ್ನು.

೨೦೦೯ರಲ್ಲಿ ಅಪ್ಪಯ್ಯನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮರುವರ್ಷದ ಶಿವರಾತ್ರಿಗೆ ನನ್ನ ಮಗಳು ಅವರ ಮುಂದೆ ಕಟ್ಟು ತಂದಿಟ್ಟು, "ಅಜ್ಜ, ರಾಣಿ ಮೇಲೆ ಬರೋ ಆಟ ಮಾಡು" ಎಂದಳು. ಅವರು ಎಡಗೈಯಲ್ಲಿ ಎತ್ತಿದರು. ಎರಡೆಲೆ ಬಾಯಿಬಿಟ್ಟು ಕಾಲಮೇಲೆ ಬಿದ್ದವು. ಯಾರೂ ಮಾತಾಡಲಿಲ್ಲ.

ನಾನು ಎಲೆಗಳನ್ನು ಗುಡ್ಡೆಹಾಕಿ ಕಲೆಸಿದೆ. ಜಮಖಾನದ ಅಂಚಿಗೆ ಕಟ್ಟನ್ನು ಕುಟ್ಟಿ ಸರಿಮಾಡುವ ನೆವದಲ್ಲಿ ಅಡಿಯೆಲೆ ಅವರ ಕಡೆಗೆ ಬರುವಂತೆ ಓರೆ ಹಿಡಿದೆ. ಬಳೆ ಝಣಕ್ ಎಂದಿತು. ಎಲ್ಲರೂ ಅಪ್ಪಯ್ಯನ ಮುಖ ನೋಡುತ್ತಿದ್ದರು, ಬಳೆ ಯಾರಿಗೂ ಕೇಳಿಸಲಿಲ್ಲ.

ತಾವು ಇನ್ನು ಕಟ್ಟನ್ನು ಮುಟ್ಟುವುದೇ ಇಲ್ಲವೆಂದು ಅಪ್ಪಯ್ಯ ತೊದಲುತ್ತಲೇ ಸಾರಿದರು. ಮಗಳು ಒಂದೆಲೆ ಆರಿಸಿ ನೋಡಿ ಕಟ್ಟಿನ ಮೇಲಿಟ್ಟಳು, ಕಟ್ಟನ್ನು ತುಂಡುಮಾಡಿ ಕೆಳಗಿನದನ್ನು ಮೇಲಕ್ಕೆ ಹಾಕಿದಳು. ಅಡಿಯೆಲೆ ಈಗ ಅವಳ ಎಲೆಯ ಮೇಲೆಯೇ ಕೂತಿತು. ಮೇಲಿನಿಂದ ಒಂದೊಂದಾಗಿ ಮಗುಚಲು ಹೇಳಿದರು. ಇಸ್ಪೀಟು ಒಂಬತ್ತು ಬಂತು. ಅದರ ಮುಂದಿನದು ಬೀಳುತ್ತಲೇ ಎಡಗೈ ಅದರ ಮೇಲೆ ಬಿತ್ತು.

ಮಗಳು ಕಿರುಚಿದಳು. "ಇನ್ನೊಂದ್ಸಲ, ಅಜ್ಜ!"

ಅಪ್ಪಯ್ಯ ಎಲ್ಲರ ಮುಖವನ್ನೂ ನೋಡಿದರು, ನನ್ನದೊಂದನ್ನು ಬಿಟ್ಟು. ನಾನು ಎಲೆ ಕೂಡಿಸಿಕೊಂಡು ಮತ್ತೆ ಕಲೆಸತೊಡಗಿದೆ.