ನಾವು ದಖ್ಖನ್ನಿನವರು

ಭಾರತದ ನಕಾಶೆಯಲ್ಲಿ ದಖ್ಖನ್ ಪ್ರಸ್ಥಭೂಮಿ ಒಂದು ತ್ರಿಕೋನ. ಪ್ರೌಢಶಾಲೆಯಲ್ಲಿ ಅದಕ್ಕೆ ಬಣ್ಣ ತುಂಬಿ ಅಂಕ ಪಡೆದವರು ನಾವೆಲ್ಲ. ಸಂಸ್ಕೃತದ ‘ದಕ್ಷಿಣ’ವೇ ಜನರ ಬಾಯಲ್ಲಿ ಬದಲಾಗುತ್ತ ‘ದಖ್ಖನ್’ ಆಯಿತು. ನಮ್ಮ ಅಕ್ಕಿಆಲೂರು ಇರುವುದು ಈ ತ್ರಿಕೋನದ ಪಶ್ಚಿಮದ ಅಂಚಿನಲ್ಲಿ.

ನಮಗೆ ಹತ್ತಿರ ಇರುವುದು ಅರಬ್ಬಿ ಸಮುದ್ರ. ಆದರೂ ನಮ್ಮ ನೀರು ಆ ಕಡೆ ಹೋಗುವುದಿಲ್ಲ. ಪ್ರಸ್ಥಭೂಮಿ ಪೂರ್ವಕ್ಕೆ ಇಳಿಜಾರಾಗಿದೆ. ಹಾನಗಲ್ಲಿನ ಧರ್ಮಾ ನದಿ ವರದೆಯನ್ನು ಸೇರುತ್ತದೆ. ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು, ತುಂಗಭದ್ರೆ ಮುಂದೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ.

ಮಳೆಯ ಕಥೆಯೂ ಹೀಗೆಯೇ. ಮುಂಗಾರಿನ ಮೋಡ ಪಶ್ಚಿಮ ಘಟ್ಟಕ್ಕೆ ತಾಗಿ ಅಲ್ಲಿಯೇ ಹೆಚ್ಚು ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟ ದಾಟಿ ಪೂರ್ವಕ್ಕೆ ಬಂದಂತೆ ಅದು ಕಡಿಮೆಯಾಗುತ್ತದೆ. ಅದಕ್ಕೇ ಹಾನಗಲ್ ಕಡೆ ಭತ್ತದ ಗದ್ದೆ, ಮಾವಿನ ತೋಪು. ಸವಣೂರು ಕಡೆ ಹೋದರೆ ಎರೆ ಹೊಲ, ಹತ್ತಿ, ಜೋಳ.

ಭೂಮಿಯಂತೆ ಮಾತೂ ಇಲ್ಲಿ ಬೆರೆತಿದೆ. ನಮ್ಮ ಮನೆಯಲ್ಲಿ ಆಡುವುದು ದಖನಿ ಉರ್ದು. ಬೇಡ ಎನ್ನಲು ನಾವು ‘ನಕ್ಕೋ’ ಎನ್ನುತ್ತೇವೆ. ಅದು ಮರಾಠಿಯಿಂದ ಬಂದದ್ದು. ಅಮ್ಮಿ ಉರ್ದುವಿನಲ್ಲಿ ಮಾತಾಡುವಾಗಲೂ ‘ಹಿತ್ತಲು’, ‘ಪುಂಡಿಪಲ್ಯ’ ಎಂದೇ ಹೇಳುತ್ತಾರೆ. ಬಿಜಾಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ‘ಕಿತಾಬ್-ಎ-ನೌರಸ್’ ಎಂಬ ಹಾಡುಗಳ ಪುಸ್ತಕವನ್ನು ದಖನಿಯಲ್ಲೇ ಬರೆದರು. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ.

ಮದುವೆಗೆ ಬಂದಿದ್ದ ದೂರದ ನೆಂಟರೊಬ್ಬರು ನನಗೆ, “ನಿಮ್ಮದು ಅಸಲಿ ಉರ್ದು ಅಲ್ಲ” ಎಂದು ನಕ್ಕರು. ಬಸ್ಸಿನಲ್ಲಿ ಒಬ್ಬ ಹಿರಿಯರು, “ಕನ್ನಡ ಭಾಳ ಛಲೋ ಮಾತಾಡ್ತಿ. ನಿಮ್ಮ ಮೂಲ ಊರು ಯಾವುದು?” ಎಂದು ಕೇಳಿದರು. ಇಬ್ಬರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಉರ್ದುವಿಗೂ ಪೂರ್ತಿ ಸಲ್ಲದೆ, ಕನ್ನಡಕ್ಕೂ ಹೊರಗಿನವರಂತೆ ಕಾಣುವುದೆಂದರೆ ಮನಸ್ಸಿಗೆ ನೋವಾಗುತ್ತದೆ.

ಉತ್ತರ ನನಗೆ ಸಿಕ್ಕಿದ್ದು ವಾಣಿಜ್ಯ ಓದುವಾಗ. ಜಮಾ, ಖರ್ಚು, ಬಾಕಿ, ವಸೂಲಿ: ಕನ್ನಡದ ಲೆಕ್ಕದ ಈ ಪದಗಳೆಲ್ಲ ಅರಬ್ಬಿ, ಫಾರ್ಸಿಯಿಂದ ಬಂದವು. ರೈತರು ಹೇಳುವ ಖಾರಿಫ್, ರಬಿ ಕೂಡ ಅರಬ್ಬಿಯವೇ. ಅಲ್ಲಿ ಅವುಗಳ ಅರ್ಥ ಶರತ್ಕಾಲ ಮತ್ತು ವಸಂತ. ಬಾಕಿ ವಸೂಲಿಯಾಗಲಿಲ್ಲ ಎಂದು ಬೇಸರಪಡುವ ಯಾವ ಅಂಗಡಿಕಾರರೂ ಆ ಮಾತಿಗೆ ಮೂಲ ಊರು ಕೇಳುವುದಿಲ್ಲ. ಅದು ನಮ್ಮದೇ ಮಾತು.

ಸ್ನೇಹಿತರೇ, ನದಿ ಎಲ್ಲಿ ಹುಟ್ಟಿದರೂ ಯಾವ ಹೊಲಕ್ಕೆ ನೀರುಣಿಸುತ್ತದೋ ಆ ಊರಿನದಾಗುತ್ತದೆ. ಮಾತೂ ಹಾಗೆ, ಮನುಷ್ಯರೂ ಹಾಗೆ. ಇನ್ನು ಮೇಲೆ ಯಾರಾದರೂ ಮೂಲ ಊರು ಕೇಳಿದರೆ ನಾನು ಹೇಳುವುದು ಒಂದೇ: ಅಕ್ಕಿಆಲೂರು, ದಖ್ಖನ್.