ಕರಟದಲ್ಲಿ ಕುಡಿದವರ ನಾಲಿಗೆಗೂ ರುಚಿ ಗೊತ್ತುಂಟು

ಪೋಸ್ಟು ಸ್ವಲ್ಪ ಉದ್ದ ಉಂಟು, ಪುರುಸೊತ್ತು ಮಾಡಿಕೊಂಡು ಓದಿ.

ಕತ್ತಾಳೆ ನಮಗೆಲ್ಲ ಬೇಲಿಯ ಗಿಡ. ನಾರು ತೆಗೆದು ಹಗ್ಗ ಹೊಸೆದದ್ದು ಬಿಟ್ಟರೆ ಅದಕ್ಕೆ ಮರ್ಯಾದೆ ಕೊಟ್ಟವರಿಲ್ಲ. ಮೆಕ್ಸಿಕೋದಲ್ಲಿ ಅದೇ ಕುಟುಂಬದ ಗಿಡವನ್ನು ಏಳೆಂಟು ವರ್ಷ ಬೆಳೆಸ್ತಾರೆ. ಎಲೆ ಕಡಿದು, ನಡುವಿನ ದೊಡ್ಡ ಗಡ್ಡೆಯನ್ನು ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ದಿನಗಟ್ಟಲೆ ಬೇಯಿಸ್ತಾರೆ. ಆಮೇಲೆ ಜಜ್ಜಿ, ಹುಳಿ ಬರಿಸಿ, ಭಟ್ಟಿ ಇಳಿಸ್ತಾರೆ. ಅದೇ ಮೆಜ್ಕಾಲ್. ಓಹಾಕಾ ರಾಜ್ಯದ ಸಾಂತಾ ಕತರಿನಾ ಮಿನಾಸ್ ಎಂಬ ಊರಿನಲ್ಲಿ ಇವತ್ತಿಗೂ ಮಣ್ಣಿನ ಮಡಕೆಯಲ್ಲೇ ಇಳಿಸುವ ಮನೆತನಗಳಿವೆ.

ಮಣಿಪಾಲದ ಗೆಳೆಯರೊಬ್ಬರು ಅಂಥದ್ದೊಂದು ಬಾಟ್ಲಿ ತಂದಿದ್ರು. ನಾಲ್ಕು ಜನ ಕೂತೆವು. ಗಟಗಟ ಕುಡೀಬಾರ್ದು ಅಂತ ಅವರ ಮೊದಲ ಪಾಠ. ಬಾಟ್ಲಿ ಅಲ್ಲಾಡಿಸಿದಾಗ ಏಳುವ ಗುಳ್ಳೆಗಳಿಗೆ ಅಲ್ಲಿ ಮುತ್ತು ಅಂತಾರೆ, ಅವು ಎಷ್ಟು ಹೊತ್ತು ನಿಲ್ತವೆ ನೋಡಿ ಕಸುವು ಹೇಳ್ತಾರೆ. ಒಂದು ಹನಿ ಅಂಗೈಗೆ ಉಜ್ಜಿ ಮೂಸಬೇಕು. ಆಮೇಲೆ ಚೂರೇ ಚೂರು ಬಾಯಿಗೆ. ನನಗೆ ಮೊದಲು ಸಿಕ್ಕಿದ್ದು ತೆಂಗಿನ ಸಿಪ್ಪೆ ಸುಟ್ಟ ಹೊಗೆ. ಅದರ ಹಿಂದೆ ಮೊದಲ ಮಳೆಗೆ ನೆನೆದ ಮಣ್ಣು. ಕೊನೆಗೆ ಗಂಟಲಲ್ಲಿ ಸುಟ್ಟ ಗೆಣಸಿನ ಸಿಹಿ. ಒಳ್ಳೆ ಸಾರಾಯಿ ಮಾರಾಯ್ರೆ, ಸುಳ್ಳು ಯಾಕೆ ಹೇಳ್ಬೇಕು. ಇಳಿಸಿದ ಕೈಗೊಂದು ನಮಸ್ಕಾರ.

ಮೊಬೈಲಿನಲ್ಲಿ ಅವರ ಭಟ್ಟಿಯ ಫೋಟೋ ತೋರಿಸಿದಾಗ ನನಗೆ ವಿವರಣೆ ಬೇಕಾಗಲಿಲ್ಲ. ಅಡಿಯಲ್ಲೊಂದು ಮಡಕೆ. ಅದರ ಮೇಲೆ ತಳ ಇಲ್ಲದ ಇನ್ನೊಂದು. ಅದರ ಬಾಯಿಗೆ ತಣ್ಣೀರಿನ ಪಾತ್ರೆ. ಹಬೆ ಮೇಲೇರಿ ಪಾತ್ರೆಯ ಅಡಿಗೆ ತಾಗಿ ಹನಿಯಾಗಿ ಬೀಳ್ತದೆ. ಅಲ್ಲಿ ಆ ಹನಿಯನ್ನು ಮರದ ಸೌಟಿನಂಥದ್ದು ಹಿಡಿದು ಕೊಳವೆಯಲ್ಲಿ ಹೊರಗೆ ಬಿಡ್ತದೆ. ಕಾರ್ಕಳದ ಕಡೆಯ ನನ್ನ ಅಜ್ಜಿ ಒಳಗೇ ಒಂದು ಸಣ್ಣ ಕುಡಿಕೆ ಇಡುತ್ತಿದ್ದಳು. ವ್ಯತ್ಯಾಸ ಅಷ್ಟೇ.

ಅಜ್ಜಿಯದ್ದು ಗೇರು. ಮಾರ್ಚಿನಿಂದ ಮೇ ತನಕ ಗುಡ್ಡೆಯಲ್ಲಿ ಬೀಜ ಧಣಿಗಳಿಗೆ, ಗೋಂಕು ನೆಲಕ್ಕೆ. ನೆಲಕ್ಕೆ ಬಿದ್ದದ್ದೇ ನಮ್ಮ ಪಾಲು. ಹಿಂಡಿದ ರಸ ಮಡಕೆಯಲ್ಲಿ ಹುಳಿಯಾಗುವಾಗ ಕಿವಿಯಿಟ್ಟು ಸದ್ದು ಕೇಳುತ್ತಿದ್ದಳು. ಗುಳುಗುಳು ನಿಂತ ಮೇಲೆಯೇ ಒಲೆ. ಬೆಂಕಿ ಜೋರಾದರೆ ಸೀದ ವಾಸನೆ, ಕಮ್ಮಿಯಾದರೆ ಹನಿ ಇಲ್ಲ. ಮೇಲಿನ ನೀರು ಬಿಸಿಯಾದ ಕೂಡಲೇ ಬದಲಿಸಬೇಕು. ಮೊದಲು ಬಂದದ್ದು ಚೆಲ್ಲಬೇಕು. ಬೆರಳು ಅದ್ದಿ ಒಲೆಗೆ ಚಿಮುಕಿಸಿ, ಎದ್ದ ಉರಿ ನೋಡಿ ಕಸುವು ಹೇಳುತ್ತಿದ್ದಳು. ನಾಲಿಗೆ ತುದಿಗೆ ಹಚ್ಚಿ ಉಗುಳುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಇದು ವಿಜ್ಞಾನ ಅಲ್ಲದಿದ್ದರೆ ಬೇರೆ ಯಾವುದು?

ಈಗ ಪಾತ್ರೆಯ ಕತೆ ಕೇಳಿ. ಮೆಜ್ಕಾಲನ್ನು ಅಲ್ಲಿ ಸೋರೆಬುರುಡೆಯಂಥ ಕಾಯಿಯ ಚಿಪ್ಪಿನಲ್ಲಿ ಕುಡಿಯುವ ಪದ್ಧತಿ ಉಂಟು. ಗೆಳೆಯರು ಅಂಥದ್ದನ್ನೂ ತಂದಿದ್ರು, ಕೂತವರೆಲ್ಲ "ಎಷ್ಟು ಚಂದ" ಅಂದ್ರು. ಕಾಪು ಕಡೆಯ ನನ್ನ ದೊಡ್ಡಪ್ಪನೂ ಚಿಪ್ಪಿನಲ್ಲೇ ಕುಡಿದವರು. ತೆಂಗಿನ ಕರಟದಲ್ಲಿ. ಕಳ್ಳಿನಂಗಡಿ ಒಳಗೆ ಉಳಿದವರಿಗೆ ಗ್ಲಾಸು, ಹೊರಗೆ ಅಂಗಳದಲ್ಲಿ ಕೂತ ನಮ್ಮವರಿಗೆ ಕರಟ. ಮೇಲಿಂದ ಹೊಯ್ಯುವುದು, ಕುಡಿದು ಬಿಸಾಡುವುದು. ಚಿಪ್ಪು ಅದೇ ಜಾತಿಯದ್ದು, ಹಿಡಿದ ಕೈಯ ಜಾತಿ ಬೇರೆ. ಆ ಸಂಜೆ ನಾನು ಆ ಚಿಪ್ಪು ಮುಟ್ಟದೆ ಗ್ಲಾಸು ಕೇಳಿದೆ. ಯಾಕೆ ಅಂತ ಕೇಳಿದವರಿಗೆ ದೊಡ್ಡಪ್ಪನ ಕತೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ದೈವದ ವಿಷಯದಲ್ಲೂ ಹಾಗೆಯೇ. ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯದ ಹರಕೆ ಹೇಳುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ದೈವಕ್ಕೆ ಇಟ್ಟರೆ ಅದು ಹರಕೆ. ಅದನ್ನೇ ಕೊರಗರು ಕುಡಿದರೆ "ಇವರು ಉದ್ಧಾರ ಆಗುವುದಿಲ್ಲ". ಕೊರಗರನ್ನು ಮನುಷ್ಯರ ಹಾಗೆ ನಡೆಸಿಕೊಳ್ಳಿ ಅಂತ ಹೇಳ್ಲಿಕ್ಕೆ ಸರ್ಕಾರ 2000ದಲ್ಲಿ ಅಜಲು ನಿಷೇಧ ಕಾಯ್ದೆಯನ್ನೇ ತರಬೇಕಾಯ್ತು.

ಕಾನೂನು ನೋಡಿ. 1994ರಲ್ಲಿ ಮೆಕ್ಸಿಕೋ ಸರ್ಕಾರ ಮೆಜ್ಕಾಲ್ ಎಂಬ ಹೆಸರಿಗೆ ರಕ್ಷಣೆ ಕೊಟ್ಟಿತು. ಗೋವಾದ ಗೇರು ಫೆನಿಗೆ 2009ರಲ್ಲಿ ಜಿಐ ಟ್ಯಾಗ್ ಬಂತು, 2016ರಲ್ಲಿ ಅಲ್ಲಿನ ಸರ್ಕಾರ ಅದನ್ನು ಪರಂಪರೆಯ ಪಾನೀಯ ಅಂತ ಸಾರಿತು. ನಮ್ಮ ಕರಾವಳಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ 1886ರ ಅಬ್ಕಾರಿ ಕಾಯ್ದೆ ಬಂತು, ಆಮೇಲೆ 1965ರ ಕರ್ನಾಟಕ ಅಬಕಾರಿ ಕಾಯ್ದೆ. ಲೈಸೆನ್ಸ್ ಇಲ್ಲದ ಮಡಕೆ ಅಪರಾಧ. ಅದೇ ಗೇರು, ಅದೇ ಮಣ್ಣು. ಗೋವಾದಲ್ಲಿ ಪರಂಪರೆ, ಇಲ್ಲಿ ಕಳ್ಳಭಟ್ಟಿ. ಒಂದು ದಿನ ಜೀಪು ಬಂತು, ಅಜ್ಜಿಯ ಮಡಕೆಗಳನ್ನು ಕಾಲಲ್ಲಿ ಒದ್ದು ಒಡೆದರು. ಗುಡ್ಡೆಯ ಧಣಿಗಳ ಮನೆಯ ಕಪಾಟು ತೆರೆದು ನೋಡಿದವರಿಲ್ಲ.

ಇಷ್ಟು ಓದಿ ಯಾರಾದರೂ "ಅಣ್ಣ ಕುಡಿತ ಹೊಗಳ್ತಿದ್ದಾರೆ" ಅಂತ ಕಮೆಂಟು ಹಾಕುವ ಮೊದಲು ಮುಂದೆಯೂ ಓದಿ. ನಮ್ಮ ಕಾಲೊನಿಗಳಲ್ಲಿ ನಲುವತ್ತು ದಾಟದೆ ಹೋದ ಗಂಡಸರು ಎಷ್ಟು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಂಡ ಬೇಡ, ನಮ್ಮ ಮಕ್ಕಳಿಗೆ ವಸತಿ ಶಾಲೆ ಕೊಡಿ ಅಂತ ಬೀದಿಗಿಳಿದ ದಲಿತ ಚಳವಳಿಯ ಮಕ್ಕಳು ನಾವು. ನಾರಾಯಣ ಗುರುಗಳು ಕಳ್ಳಿನ ಕಸುಬಿನ ಜನರಿಗೇ ಮದ್ಯ ಬಿಡಿ ಅಂತ ಹೇಳಿದ್ದೂ ಗೊತ್ತುಂಟು. ಆ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ಆದರೆ ಕೊಂದದ್ದು ಯಾವುದು? 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಬಡವರು ಸತ್ತದ್ದು ಮಿಥೈಲ್ ಆಲ್ಕೋಹಾಲ್ ಬೆರೆಸಿದ ಸಾರಾಯಿಯಿಂದ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧ ಆಯ್ತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತೆ ನೂರಕ್ಕೂ ಹೆಚ್ಚು ಹೆಣ ಬಿತ್ತು, ಮತ್ತೆ ಅದೇ ವಿಷ. ಅದು ಅಜ್ಜಿಯ ಮಡಕೆಯಿಂದ ಬಂದದ್ದಲ್ಲ, ದಂಧೆಯವರ ಡ್ರಮ್ಮಿನಿಂದ ಬಂದದ್ದು. ಅಜ್ಜಿ ಇಳಿಸುತ್ತಿದ್ದದ್ದು ವರ್ಷಕ್ಕೆ ಮೂರು ತಿಂಗಳು, ಕೋಲಕ್ಕೆ, ಮದುವೆಗೆ, ಬೊಜ್ಜಕ್ಕೆ. ಈಗ ಬೆಳಿಗ್ಗೆಯೇ ಸಿಗುವ ಪ್ಯಾಕೆಟಿಗೆ ಋತುವೂ ಇಲ್ಲ, ರುಚಿಯೂ ಇಲ್ಲ. ಅದು ಕುಡಿಯುವುದು ನಾಲಿಗೆಗಲ್ಲ, ಮೈನೋವು ಮರೀಲಿಕ್ಕೆ.

ಗೇರುಹಣ್ಣು ಹಾಳಾಗ್ತದೆ, ಫೆನಿ ಮಾಡಬೇಕು ಅಂತ ನಮ್ಮ ಕರಾವಳಿಯಲ್ಲೂ ಆಗಾಗ ಮಾತು ಬರ್ತದೆ. ಬರಲಿ. ಆದರೆ ಮೆಕ್ಸಿಕೋದಿಂದ ಒಂದು ಪಾಠ ಉಂಟು. ಹೆಸರಿಗೆ ರಕ್ಷಣೆ ಬಂದ ಮೇಲೆ ಸರ್ಟಿಫಿಕೇಟಿನ ಖರ್ಚು ಭರಿಸಲಾಗದ ಸಣ್ಣವರು ತಮ್ಮದೇ ಸಾರಾಯಿಗೆ ಮೆಜ್ಕಾಲ್ ಅಂತ ಹೆಸರು ಹಾಕ್ಲಿಕ್ಕಾಗದೆ ಹೊರಗೆ ಉಳಿದರು, ದೊಡ್ಡ ಕಂಪನಿಗಳು ಒಳಗೆ ಬಂದವು. ಇಲ್ಲೂ ಲೈಸೆನ್ಸ್ ಉದ್ಯಮಿಗಳಿಗೆ, ಗೋಂಕು ಹೆಕ್ಕುವ ಕೂಲಿ ನಮಗೆ ಅಂತಾದರೆ ಅದು ಹಳೇ ಅಂಗಳವೇ.

ಕಳ್ಳು ಇಳಿಸುವವರಿಗೆ ಮೂರ್ತೆದಾರರ ಸಹಕಾರಿ ಸಂಘಗಳು ಉಂಟಲ್ಲ, ಹಾಗೆಯೇ ಉಡುಪಿ ಜಿಲ್ಲೆಯಲ್ಲಿ ಗೇರಿಗೂ ನಮ್ಮ ಹೆಂಗಸರ ಸಹಕಾರಿ ಸಂಘ ಮೊದಲು ಬರಲಿ. ಲೈಸೆನ್ಸ್ ಅವರ ಹೆಸರಿಗೆ, ಪರೀಕ್ಷೆಯ ಲ್ಯಾಬು ಸರ್ಕಾರದ ಖರ್ಚಿಗೆ, ಲಾಭದ ಒಂದು ಪಾಲು ಕಾಲೊನಿಯ ಮಕ್ಕಳ ಓದಿಗೆ, ಕುಡಿತ ಬಿಡಿಸುವ ಚಿಕಿತ್ಸೆಗೆ. ಅದೆಲ್ಲ ಆಗುವವರೆಗೆ, ನಮ್ಮ ಅಜ್ಜಿಯಂದಿರು ಇನ್ನೂ ಇದ್ದರೆ ಹತ್ತಿರ ಕೂತು ಕೇಳಿ ಬರೆದಿಟ್ಟುಕೊಳ್ಳಿ. ನೀವು ಕುಡಿಯದಿದ್ದರೂ ಬರೆದಿಡಿ. ನಾಳೆ ಯಾರೋ ಬಂದು ಇದು ನಮ್ಮ ಪರಂಪರೆ ಅಂತ ಬೋರ್ಡು ಹಾಕುವಾಗ ತೋರಿಸ್ಲಿಕ್ಕೆ ನಮ್ಮ ಕೈಯಲ್ಲಿ ಕಾಗದ ಬೇಕು.

ಜೈ ಭೀಮ್.